ಕುಂಟಜ್ಜಿಯ ಗಂಟು

ಆ ನೆಲಮಾಳಿಗೆಯಲ್ಲಿ ಒಂದು ಕಟ್ಟಳೆ ಇತ್ತು. ಯಾರ ಕೈಯಿಂದಲಾದರೂ ಮೂಳೆ ಮುರಿದರೆ, ಮುರಿದವರು ಎದ್ದು ನಿಂತು ಎಲ್ಲರಿಗೂ ಕೇಳುವ ಹಾಗೆ "ಮುರಿದೆ" ಅನ್ನಬೇಕು. "ಮುರೀತು" ಅನ್ನುವ ಹಾಗಿಲ್ಲ. "ಕೈಜಾರಿ ಹೋಯ್ತು" ಅನ್ನುವ ಹಾಗಿಲ್ಲ. "ಮೊದಲೇ ಬಿರುಕಿತ್ತು" ಅನ್ನುವುದಂತೂ ಕೂಡದೇ ಕೂಡದು. "ಮುರಿದೆ" ಅಂದ ಕೂಡಲೇ ಉಳಿದವರು ತಲೆ ಎತ್ತದೆ, ಕೈಕೆಲಸ ಬಿಡದೆ, "ಕೂಡಿಸೋಣ" ಅನ್ನಬೇಕು. ಅಲ್ಲಿಗೆ ಮುಗಿಯಿತು. ಬೈಗುಳವಿಲ್ಲ, ವಿಚಾರಣೆಯಿಲ್ಲ. ಚೂರುಗಳನ್ನು ಆಯ್ದು ತಟ್ಟೆಗೆ ಹಾಕಿ ಅಂಟಮ್ಮನ ಮೇಜಿಗೆ ಕೊಟ್ಟರಾಯಿತು.

ಈ ಕಟ್ಟಳೆ ತಂದವರು ಆ ಕೋಣೆಯ ಉಸ್ತುವಾರಿ ಹೊತ್ತ ಮೇಡಂ. ಅವರು ಕೆಲಸಕ್ಕೆ ಬಂದ ಹೊಸದರಲ್ಲಿ, ಯಾರೋ ಒಂದು ಪಕ್ಕೆಲುಬನ್ನು ಎರಡು ತುಂಡು ಮಾಡಿ "ಮುರಿದು ಹೋಯ್ತು ಮೇಡಂ" ಅಂದಿದ್ದರು. ಮೇಡಂ ಸಿಟ್ಟು ಮಾಡಲಿಲ್ಲ, ನಕ್ಕರು. "ಲಕ್ಷಾಂತರ ವರ್ಷ ಕಲ್ಲೊಳಗೆ ಸುಮ್ಮನೆ ಮಲಗಿತ್ತು. ನಿಮ್ಮ ಮೇಜಿನ ಮೇಲೆ ಬಂದ ತಕ್ಷಣ ತಾನಾಗೇ ಮುರಿದುಕೊಳ್ತಾ?" ಅಂದರು. ಅವತ್ತಿನಿಂದ ಆ ಕೋಣೆಯಲ್ಲಿ ಏನೂ ತಾನಾಗಿ ಮುರಿಯಲಿಲ್ಲ.

ಮೇಲೆ ಇದ್ದದ್ದು ವಸ್ತುಸಂಗ್ರಹಾಲಯ. ಅಲ್ಲಿ ಗಾಜಿನ ಬಾಗಿಲು, ಮುಖ ಕಾಣುವಂಥ ನೆಲ, ಮಾತಾಡಿದರೆ ಮೂರು ಸಲ ತಿರುಗಿ ಕೇಳಿಸುವ ದೊಡ್ಡ ಹಾಲ್. ಕೆಳಗಿನದು ಬೇರೆಯೇ ಲೋಕ. ಎಂದೋ ಬದುಕಿ ವಂಶವೇ ಅಳಿದುಹೋದ ಪ್ರಾಣಿಗಳ ಮೂಳೆಗಳು ಅಲ್ಲಿಗೆ ಬರುತ್ತಿದ್ದವು. ಮೂಳೆ ಯಾವುದು ಕಲ್ಲು ಯಾವುದು ತಿಳಿಯದ ಹಾಗೆ ಒಂದಾಗಿ, ಮೇಲೆ ಪ್ಲಾಸ್ಟರ್ ಸುತ್ತಿಸಿಕೊಂಡು, ಕೈಕಾಲು ಮುರಿದವರು ಆಸ್ಪತ್ರೆಯಿಂದ ಮನೆಗೆ ಬಂದ ಹಾಗೆ ಬರುತ್ತಿದ್ದವು. ಕಲ್ಲಿನಿಂದ ಮೂಳೆ ಬಿಡಿಸುವುದು ಒಬ್ಬರ ಕೆಲಸ, ಚೂರು ಕೂಡಿಸುವುದು ಒಬ್ಬರದು, ಬಿದ್ದುಹೋಗದಂತೆ ಕಬ್ಬಿಣದ ಚೌಕಟ್ಟು ಕಟ್ಟಿ ನಿಲ್ಲಿಸುವುದು ಇನ್ನೊಬ್ಬರದು.

ಬಿಡಿಸುವ ಕೆಲಸದವನೇ ನುಣುಪಣ್ಣ. ಅವನ ನಿಜವಾದ ಹೆಸರು ಸಂಬಳದ ದಿನ ಬಿಟ್ಟರೆ ಯಾರ ಬಾಯಿಗೂ ಬರುತ್ತಿರಲಿಲ್ಲ. ಅವನು ಬಿಡಿಸಿದ ಮೂಳೆಯ ಮೇಲೆ ಬೆರಳು ಆಡಿಸಿದರೆ ಎಲ್ಲೂ ತಡೆಯುತ್ತಿರಲಿಲ್ಲ. ಆ ಹೆಸರು ಇಟ್ಟವಳು ಅಂಟಮ್ಮ. ಚೂರು ಕೂಡಿಸುವ ಕೆಲಸದ ಅವಳ ಬೆರಳ ತುದಿಗಳಲ್ಲಿ ಯಾವಾಗಲೂ ಒಣಗಿದ ಅಂಟಿನ ಪೊರೆ ಇರುತ್ತಿದ್ದರಿಂದ, ಅವಳಿಗೆ ಆ ಹೆಸರು ಇಟ್ಟವನು ನುಣುಪಣ್ಣ. ಹೀಗೆ ಲೆಕ್ಕ ಸರಿಹೋಗಿತ್ತು.

ಅಷ್ಟು ವರ್ಷದಲ್ಲಿ ನುಣುಪಣ್ಣ ಒಮ್ಮೆಯೂ ಎದ್ದು ನಿಂತು "ಮುರಿದೆ" ಅಂದವನಲ್ಲ. ಅಂಟಮ್ಮ ಅಂದಿದ್ದಾಳೆ, ಚೌಕಟ್ಟಿನ ಮೇಸ್ತ್ರಿ ಅಂದಿದ್ದಾನೆ, ಸ್ವತಃ ಮೇಡಂ ಒಂದು ಸಲ ಹಲ್ಲೊಂದನ್ನು ಕೆಳಗೆ ಬೀಳಿಸಿ, ಕೆಂಪು ಮುಖ ಮಾಡಿಕೊಂಡು, ಗಟ್ಟಿಯಾಗಿ ಅಂದಿದ್ದಾರೆ. ಇವನು "ಕೂಡಿಸೋಣ" ಅನ್ನುವ ಕಡೆಯವನು. ಅದನ್ನು ಬಾಯಿಬಿಟ್ಟು ಎಂದೂ ಕೊಚ್ಚಿಕೊಳ್ಳದಿದ್ದರೂ, "ಕೂಡಿಸೋಣ" ಅನ್ನುವಾಗ ಅವನ ದನಿಯಲ್ಲಿ ಒಂದು ತೂಕ ಹೆಚ್ಚೇ ಇರುತ್ತಿತ್ತು.

*

ಆ ಸಲ ಬಂದದ್ದು ಒಂದು ಬೇಟೆಪ್ರಾಣಿ. ಹುಲಿ ಅನ್ನೋಣವೆಂದರೆ ಮೂತಿ ಉದ್ದ, ತೋಳ ಅನ್ನೋಣವೆಂದರೆ ಮೈ ದೊಡ್ಡದು. ಅದಕ್ಕೊಂದು ಉದ್ದನೆಯ ಶಾಸ್ತ್ರದ ಹೆಸರಿತ್ತು, ಮೇಡಂ ಹೊರತು ಯಾರಿಗೂ ಅದು ಬಾಯಲ್ಲಿ ತಿರುಗುತ್ತಿರಲಿಲ್ಲ. ಒಂದೇ ಹೊಂಡದಲ್ಲಿ ಅಂಥ ಹಲವು ಪ್ರಾಣಿಗಳ ಮೂಳೆ ಸಿಕ್ಕಿದ್ದವು. ಅವುಗಳಲ್ಲಿ ಒಂದರದು ಮಾತ್ರ ತಲೆಯಿಂದ ಬಾಲದ ತನಕ ಹೆಚ್ಚುಕಡಿಮೆ ಪೂರ್ತಿ. ಅದನ್ನು ಮೇಲಿನ ಹಾಲ್‌ನಲ್ಲಿ ನಿಲ್ಲಿಸಬೇಕೆಂದು ತೀರ್ಮಾನವಾಗಿತ್ತು.

ಮೇಡಂ ಮತ್ತೆ ಆ ಹೊಂಡದ ಕಡೆಗೆ ಹೊರಡುವ ಮುಂಚೆ ಕೆಳಗೆ ಬಂದರು. "ಅಣ್ಣ, ನಾನು ಬರೋ ಹೊತ್ತಿಗೆ ಎಡ ಮುಂಗಾಲು ಪೂರ್ತಿ ಬಿಡಿಸಿಡಿ. ಗಂಟುಗಟ್ಟಲೆ ಕಲ್ಲು ಕೂತಿದೆ, ನೋಡಿ. ಗಂಟೆಲ್ಲ ತೆಗೆದುಬಿಡಿ" ಅಂದರು.

ಆ ಕೋಣೆಯ ಮಾತಿನಲ್ಲಿ ಗಂಟು ಅಂದರೆ ಮೂಳೆಗೆ ಕಚ್ಚಿಕೊಂಡ ಕಲ್ಲು. ಬೇರೆ ಅರ್ಥವೇ ಇರಲಿಲ್ಲ. "ಇವತ್ತು ಎಷ್ಟು ಗಂಟು ತೆಗೆದೆ?" "ಬೆನ್ನುಮೂಳೆ ತುಂಬ ಬರೀ ಗಂಟು." ಹೀಗೆ.

ನುಣುಪಣ್ಣ ಗಾಳಿಸೂಜಿ ಹಿಡಿದು ಕೂತ. ಸೂಜಿಯ ಹಿಂದೆ ಗಾಳಿಯ ಕೊಳವೆ ಇರುತ್ತದೆ, ಸೂಜಿ ಜೇನುಹುಳದ ಹಾಗೆ ಗುಂಯ್ ಅನ್ನುತ್ತ ಕಲ್ಲನ್ನು ಪುಡಿಪುಡಿಯಾಗಿ ಕುಕ್ಕುತ್ತದೆ. ಆ ಹೊಂಡದ ಕಲ್ಲು ಇಟ್ಟಿಗೆಗೆಂಪು. ಅದರ ಪುಡಿಯೂ ಕೆಂಪೇ. ಮೂಳೆಯ ಹೊರಮೈ ಆ ಕೆಂಪು ಹಿಡಿದಿದ್ದರೂ ಪುಡಿ ಬೂದಿಬಿಳುಪು. ಬಿಡಿಸುವವನಿಗೆ ಇದೊಂದು ಗೊತ್ತಿದ್ದರೆ ಸಾಕು: ಕೆಂಪು ಬರುವ ತನಕ ನಡೆ, ಬಿಳುಪು ಕಂಡರೆ ನಿಲ್ಲು.

ಒಂದೊಂದೇ ಗಂಟು ಹೋಯಿತು. ಮೂಳೆ ಮೇಲಿಂದ ಕೆಳಗೆ ನೀಟಾಗಿ ಇಳಿಯಿತು. ನಟ್ಟನಡುವೆ ಮಾತ್ರ ಒಂದು ಗಂಟು ಉಳಿಯಿತು. ಹೆಬ್ಬೆರಳಿನ ಬುಡದ ಉಬ್ಬಿನಷ್ಟಿತ್ತು, ಒಂದು ಕಡೆಗೆ ಓರೆಯಾಗಿ. ಅದರ ಮೇಲಿನ ಕೆಂಪು ಪದರ ತೆಗೆದ. ಇನ್ನೂ ಸ್ವಲ್ಪ ತೆಗೆದ. ಪುಡಿ ತೆಳುವಾಯಿತು, ಕೆಂಪು ಕರಗಿ ತಿಳಿಯಾಯಿತು, ಆಮೇಲೆ ಬೂದಿಬಿಳುಪಾಯಿತು.

ಅವನು ನೋಡಿದ. ನೋಡಲಿಲ್ಲ ಅಂತಲ್ಲ. ದೀಪ ಚೆನ್ನಾಗಿತ್ತು, ಕನ್ನಡಕ ಒರೆಸಿಕೊಂಡೇ ಕೂತಿದ್ದ. ಬಿಳುಪು ಕಂಡು ಸೂಜಿ ಒಂದು ಕ್ಷಣ ಎತ್ತಿದ ಕೂಡ. ಆದರೆ ಅಷ್ಟರಲ್ಲಿ ಗಂಟಿನ ಒಂದು ಮಗ್ಗುಲು ತಗ್ಗಾಗಿತ್ತು. ಮೀಸೆಯ ಒಂದು ಕಡೆ ಹೆಚ್ಚು ಕತ್ತರಿಸಿಬಿಟ್ಟ ಕ್ಷೌರಿಕನ ಪಾಡಾಯಿತು. ಬಿಟ್ಟರೆ ವಿಕಾರ, ಇನ್ನೊಂದು ಕಡೆಯನ್ನೂ ಸಮ ಮಾಡಿದರೆ ಕಣ್ಣಿಗೆ ಹಿತ. ಬಲಗಾಲಿನ ಮೂಳೆ ಪಕ್ಕದಲ್ಲೇ ಇತ್ತು, ಅದರಲ್ಲಿ ಇಂಥ ಉಬ್ಬಿಲ್ಲ. ಒಂದು ಕಾಲಿನಲ್ಲಿ ಇಲ್ಲದ್ದು ಇನ್ನೊಂದರಲ್ಲಿ ಯಾಕಿರಬೇಕು? ಕಲ್ಲೇ ಮೂಳೆಯ ಬಣ್ಣ ಹಿಡಿದಿರಬೇಕು ಅಂದುಕೊಂಡ. ಅಂದುಕೊಂಡದ್ದನ್ನು ನಂಬಲಿಲ್ಲ, ಆದರೂ ಕೈ ನಡೆಯಿತು. ಕೈಗೆ ಒರಟು ಕಂಡರೆ ಆಗುವುದಿಲ್ಲ ಅನ್ನುವುದು ಅವನ ಹೆಮ್ಮೆಯೂ ಹೌದು, ರೋಗವೂ ಹೌದು.

ಸೂಜಿಯಾದ ಮೇಲೆ ಉಜ್ಜುಗಲ್ಲು, ಉಜ್ಜುಗಲ್ಲಾದ ಮೇಲೆ ನಯವಾದ ಉಪ್ಪುಕಾಗದ. ಕೊನೆಗೆ ಮೂಳೆ ಕಡೆದಿಟ್ಟ ಹಾಗಾಯಿತು. ನಡುವೆ ಒಂದು ಎಲೆಯಗಲ ಜಾಗ ಮಾತ್ರ ಬಿಳಿಚಿಕೊಂಡಿತ್ತು, ಪಟ್ಟಿ ಬಿಚ್ಚಿದ ಗಾಯದ ಹಾಗೆ. ಅದನ್ನು ನೋಡುತ್ತ ಬಹಳ ಹೊತ್ತು ಕೂತ. ಆಮೇಲೆ ಅಂಟುನೀರಿಗೆ ಚಿಟಿಕೆ ಕೆಂಪು ಪುಡಿ ಕದಡಿ, ಬಟ್ಟೆಯ ತುದಿಯಲ್ಲಿ ಅದ್ದಿ, ಆ ಜಾಗಕ್ಕೆ ಒರೆಸಿದ. ಒಣಗಿದ ಮೇಲೆ ಎಲ್ಲ ಒಂದೇ ಬಣ್ಣ.

ತಪ್ಪು ಮಾಡಿದ್ದು ಗಾಳಿಸೂಜಿ ಅಂತ ಅವನು ಆಮೇಲೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡ. ಆದರೆ ಆ ಬಟ್ಟೆಯ ತುದಿಗೆ ಯಾವ ಯಂತ್ರವೂ ಜೊತೆಗಿರಲಿಲ್ಲ. ಅದು ಅವನ ಕೈಯೊಂದೇ.

*

ಮೇಡಂ ಬಂದು ಆ ಮೂಳೆಯನ್ನು ಎರಡು ಕೈಯಲ್ಲಿ ಎತ್ತಿ ಹಿಡಿದು ಅಂದರು: "ಅಯ್ಯೋ ಅಣ್ಣ! ಎಷ್ಟು ಚೆಂದ! ಇದನ್ನ ನೋಡ್ಕೊಂಡು ತಲೆ ಬಾಚಬಹುದು."

"ನಮ್ಮಣ್ಣ ಅಲ್ವಾ ಮೇಡಂ," ಅಂದಳು ಅಂಟಮ್ಮ. "ಕಲ್ಲಿಗೂ ಎಣ್ಣೆ ಹಚ್ಚಿ ಮಲಗಿಸ್ತಾನೆ."

ಎಲ್ಲರೂ ನಕ್ಕರು. ನುಣುಪಣ್ಣನೂ ಹಲ್ಲು ತೋರಿಸಿದ.

ಕೆಲವು ವಾರ ಕಳೆದ ಮೇಲೆ ಅಂಟಮ್ಮ ತಲೆಬುರುಡೆ ಕೂಡಿಸಿ ಮುಗಿಸಿದಳು. ಬುರುಡೆ ಮುಗಿದ ದಿನ ಆ ಕೋಣೆಯಲ್ಲಿ ಚಹಾದ ಹೊತ್ತು ಸ್ವಲ್ಪ ಉದ್ದ ಇರುತ್ತಿತ್ತು. ಮೇಡಂ ಬುರುಡೆಯನ್ನು ಮರಳುಚೀಲದ ಮೇಲೆ ಕೂರಿಸಿ, ಮನೆಗೆ ಬಂದ ನೆಂಟರನ್ನು ಪರಿಚಯ ಮಾಡಿಸುವ ಹಾಗೆ ಎಲ್ಲರಿಗೂ ಪರಿಚಯ ಮಾಡಿಸುತ್ತಿದ್ದರು. ಅದಕ್ಕೇ ಬೆನ್ನ ಹಿಂದೆ ಅವರಿಗೆ ಬುರುಡೆ ಮೇಡಂ ಅಂತ ಹೆಸರು. ಅದು ಅವರಿಗೂ ಗೊತ್ತಿತ್ತು.

"ನೋಡಿ, ಕಣ್ಣಿನ ಗುಂಡಿ ಎರಡೂ ಮುಂದಕ್ಕಿವೆ. ಹುಲ್ಲು ತಿನ್ನೋದಕ್ಕೆ ಪಕ್ಕದಲ್ಲಿರ್ತವೆ, ಯಾರು ಹಿಡಿಯೋಕೆ ಬರ್ತಾರೋ ಅಂತ ಸುತ್ತ ನೋಡ್ಬೇಕಲ್ಲ. ಇವಳು ನೋಡ್ತಿದ್ದದ್ದು ಮುಂದಕ್ಕೆ ಮಾತ್ರ. ಹಿಡಿಯೋಳು ಇವಳೇ. ನೆತ್ತಿ ಮೇಲೆ ಈ ಏಣು ನೋಡಿ, ದವಡೆ ಸ್ನಾಯು ಬಂದು ಹಿಡ್ಕೊಳ್ಳೋ ಜಾಗ. ಕಚ್ಚಿದ್ರೆ ಬಿಡೋ ಪೈಕಿ ಅಲ್ಲ."

"ನಮ್ಮತ್ತೆ ತಲೆ ಮೇಲೂ ಇರ್ಬೇಕು ಇಂಥದ್ದು," ಅಂದ ಮೇಸ್ತ್ರಿ.

"ಹಲ್ಲು ನೋಡಿ ಮೇಸ್ತ್ರಿ, ಆಮೇಲೆ ನಿಮ್ಮತ್ತೆ. ಸವೆದು ಮೊಂಡಾಗಿವೆ. ಅಜ್ಜಿ ಇವಳು. ಬೇಟೆ ಆಡೋ ಪ್ರಾಣಿ ಇಷ್ಟು ಮುದಿಯಾಗೋ ತನಕ ಬದುಕೋದೇ ಹೆಚ್ಚು." ಮೇಡಂ ಚಹಾ ಮರೆತಿದ್ದರು. "ಇನ್ನೊಂದು ಹೇಳ್ತೀನಿ. ಬಲ ಮುಂಗಾಲು ಎಡದ್ದಕ್ಕಿಂತ ದಪ್ಪ. ಬಲಭುಜದ ಕೀಲು ಸವೆದು ತಟ್ಟೆ ಆಗಿದೆ. ಬೆನ್ನುಮೂಳೆ ಬಲಕ್ಕೆ ವಾಲಿದೆ. ಅಂದ್ರೆ ಏನು?"

ಮೇಡಂ ತಾವೇ ಬಲಕ್ಕೆ ವಾಲಿ ನಿಂತು ತೋರಿಸಿದರು.

"ಭಾರ ಎಲ್ಲ ಬಲಗಾಲಿನ ಮೇಲೆ ಹಾಕಿದ್ದಾಳೆ. ಒಂದೆರಡು ದಿನ ಅಲ್ಲ, ವರ್ಷಗಟ್ಟಲೆ. ಎಡಗಾಲು ಊರೋಕಾಗ್ತಿರಲಿಲ್ಲ. ಕುಂಟಿ."

"ಕುಂಟಜ್ಜಿ," ಅಂದಳು ಅಂಟಮ್ಮ. ಹೆಸರು ಅಲ್ಲೇ ಕೂತುಬಿಟ್ಟಿತು.

"ಹೂಂ, ಕುಂಟಜ್ಜಿ. ಈಗ ಯೋಚನೆ ಮಾಡಿ. ಓಡೋಕಾಗದೆ ಬೇಟೆ ಹೇಗೆ ಹಿಡೀತಿದ್ಲು? ಹಿಡೀತಿರ್ಲಿಲ್ಲ. ಆದ್ರೂ ಬದುಕಿದ್ಲು. ಯಾರೋ ತಂದು ಹಾಕಿದ್ದಾರೆ. ಇಲ್ಲಾ ತಾವು ತಿನ್ನೋವಾಗ ಪಕ್ಕಕ್ಕೆ ಬಿಟ್ಕೊಂಡಿದ್ದಾರೆ. ಗುಂಪು ಕಟ್ಕೊಂಡು, ಒಬ್ಬರನ್ನೊಬ್ಬರು ನೋಡ್ಕೊಂಡಿದ್ದ ಪ್ರಾಣಿ ಇದು ಅಂತ ಹೇಳಬಹುದು. ಎಡಗಾಲಲ್ಲಿ ಮುರಿದು ಕೂಡಿಕೊಂಡ ಗುರುತೊಂದು ಸಿಕ್ಕಿಬಿಟ್ರೆ ಸಾಕು, ಯಾರೂ ಇಲ್ಲ ಅನ್ನೋಕಾಗಲ್ಲ. ಮುರಿದ ಮೂಳೆ ಕೂಡಿಕೊಂಡ್ರೆ ಅಲ್ಲಿ ಉಬ್ಬಿಕೊಳ್ಳುತ್ತೆ, ಗಂಟು ಹಾಗೆ."

ಗಂಟು ಹಾಗೆ. ಆ ಮಾತು ಅವರ ಬಾಯಿಂದ ಬಿದ್ದದ್ದೇ ನುಣುಪಣ್ಣನ ಕೈಯಲ್ಲಿದ್ದ ಲೋಟ ತಣ್ಣಗಾಯಿತು. ಮೇಡಂ ಎಡಗಾಲಿನ ಮೂಳೆ ಎತ್ತಿಕೊಂಡು ದೀಪದ ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದರು. ಬೆರಳು ಮೇಲಿಂದ ಕೆಳಗೆ ಆಡಿಸಿದರು. ಬೆರಳು ಎಲ್ಲೂ ತಡೆಯಲಿಲ್ಲ.

"ಇದರಲ್ಲಂತೂ ಏನೂ ಇಲ್ಲ," ಅಂದರು ಮೆಲ್ಲಗೆ. "ಪಾದದಲ್ಲಿ ಇರ್ಬೇಕು. ಹುಡುಕೋಣ."

ಪಾದದ ಮೂಳೆಗಳಲ್ಲಿ ಹುಡುಕಿದರು. ಭುಜದಲ್ಲಿ ಹುಡುಕಿದರು. ದಿನಗಟ್ಟಲೆ ಹುಡುಕಿದರು. ನುಣುಪಣ್ಣನನ್ನೇ ಕರೆದು, "ನಿಮ್ಮ ಬೆರಳಿಗೆ ಸಿಗುತ್ತಾ ನೋಡಿ ಅಣ್ಣ" ಅಂತ ಒಂದೊಂದೇ ಮೂಳೆ ಕೈಗೆ ಕೊಟ್ಟರು. ಅವನು ಒಂದೊಂದನ್ನೂ ಸವರಿ ನೋಡಿ ಇಲ್ಲ ಅಂದ. ಪ್ರತಿಸಲ ಅಂದ "ಇಲ್ಲ"ವೂ ನಿಜವೇ. ಅದೇ ಅವನನ್ನು ಹೆಚ್ಚು ಸುಟ್ಟದ್ದು.

*

ಕುಂಟಜ್ಜಿಯನ್ನು ನಿಲ್ಲಿಸುವ ಮುಂಚೆ ದೊಡ್ಡ ಮೇಷ್ಟ್ರು ಬಂದರು. ಮೇಡಂಗೆ ಪಾಠ ಹೇಳಿಕೊಟ್ಟವರು, ಈ ವಿದ್ಯೆಯಲ್ಲಿ ಹಿರಿಯರು. ಅವರು ಹೂಂ ಅಂದರೆ ಹೂಂ. ಬಿಳಿ ಗಡ್ಡ, ಕೋಲು, ಮೆಲುದನಿ. ಮೇಡಂ ಹೇಳಿದ್ದನ್ನೆಲ್ಲ ಅಡ್ಡ ಬಾಯಿ ಹಾಕದೆ ಕೇಳಿದರು. ಕೇಳಿ, ಎಡಗಾಲಿನ ಮೂಳೆ ತರಿಸಿಕೊಂಡರು.

"ಇದು ಮುರಿದಿಲ್ಲ, ಬಾಗಿಲ್ಲ, ಸೊರಗಿಲ್ಲ. ಪಕ್ಕಾ ಆರೋಗ್ಯವಾದ ಕಾಲು," ಅಂದರು.

"ಹೌದು ಸರ್, ಆದ್ರೆ ಬಲಭುಜ..."

"ಬಲಭುಜ ಕುಂಟಿಯದು. ಒಪ್ಪಿದೆ. ಎಡಗಾಲು ಕುಂಟಿಯದಲ್ಲ. ಹೊಂಡದಲ್ಲಿ ಹಲವು ಪ್ರಾಣಿ ಇದ್ವು ಅಂತ ನೀನೇ ಹೇಳ್ದೆ. ಎರಡರ ಮೂಳೆ ಕಲಸಿಬಿಟ್ಟಿದ್ದೀಯಮ್ಮ."

"ಅಳತೆ ಸರಿಯಾಗಿ ಕೂತಿದೆ ಸರ್. ಕೀಲಿಗೆ ಕೀಲು ಕೂತಿದೆ. ಒಂದೇ ಪ್ರಾಣಿ ಅಂತ ನನಗೆ..."

"ನಿನಗೆ ಅನ್ನಿಸುತ್ತೆ." ದೊಡ್ಡ ಮೇಷ್ಟ್ರು ನಕ್ಕರು. ಕೆಟ್ಟ ನಗುವಲ್ಲ, ಪ್ರೀತಿಯ ನಗುವೇ. "ಅಜ್ಜಿಯಂತೆ, ಕುಂಟಿಯಂತೆ, ಮಕ್ಕಳುಮರಿ ತಂದು ಹಾಕಿದ್ರಂತೆ. ಕೇಳೋಕೆ ಚೆನ್ನಾಗಿದೆ. ಆದ್ರೆ ಬುರುಡೆ ಮುಂದಿಟ್ಕೊಂಡು ಬುರುಡೆ ಬಿಡಬಾರದು, ಮಗಳೇ."

ಜೊತೆಗೆ ಬಂದಿದ್ದ ಆಫೀಸಿನವರು ಗೊಳ್ಳೆಂದು ನಕ್ಕರು. ಮೇಡಂ ಕೂಡ ನಕ್ಕರು, ಕಿವಿಯ ತುದಿ ಮಾತ್ರ ಕೆಂಪಾಯಿತು. ಹಲ್ಲು ಬೀಳಿಸಿದ ದಿನವೂ ಹಾಗೇ ಕೆಂಪಾಗಿತ್ತು, ಆದರೆ ಅವತ್ತು ಹತ್ತು ಬಾಯಿ "ಕೂಡಿಸೋಣ" ಅಂದಿದ್ದವು.

ನುಣುಪಣ್ಣ ತನ್ನ ಮೇಜಿನಲ್ಲಿ ತಲೆ ಬಗ್ಗಿಸಿ ಕೂತಿದ್ದ. ಗಾಳಿಸೂಜಿ ಕೈಯಲ್ಲಿ ಗುಂಯ್ ಅನ್ನುತ್ತಿತ್ತು, ಯಾವ ಕಲ್ಲನ್ನೂ ಮುಟ್ಟುತ್ತಿರಲಿಲ್ಲ.

ದೊಡ್ಡ ಮೇಷ್ಟ್ರು ಹೋದ ಮೇಲೆ ಮೇಡಂ ಮೇಸ್ತ್ರಿಗೆ ಹೇಳಿದರು: "ಎಡ ಮುಂಗಾಲು ಬೇಡ. ಬೇರೆ ಪೆಟ್ಟಿಗೆಗೆ ಹಾಕಿಬಿಡಿ. ಆ ಜಾಗಕ್ಕೆ ಪ್ಲಾಸ್ಟರ್ ಕಾಲು ಎರಕ ಹೊಯ್ಯೋಣ. ನೇರ ನಿಲ್ಲಿಸಿ, ಎಲ್ಲ ಪ್ರಾಣಿ ನಿಲ್ಲೋ ಹಾಗೆ."

"ಮತ್ತೆ ಕುಂಟಜ್ಜಿ?" ಅಂದಳು ಅಂಟಮ್ಮ.

"ಕುಂಟಜ್ಜಿ ಇಲ್ಲ ಅಕ್ಕ. ನಾನೇ ಏನೋ ಕಂಡೆ ಅಂದ್ಕೊಂಡೆ."

ತಮ್ಮ ಮೇಜಿಗೆ ಹೋಗುತ್ತ ಮೇಡಂ ಬುರುಡೆಯ ನೆತ್ತಿಯ ಏಣನ್ನು ಬೆರಳಲ್ಲಿ ಒಮ್ಮೆ ಮುಟ್ಟಿದರು. ಮಕ್ಕಳ ತಲೆ ಸವರುವ ಹಾಗಿತ್ತು ಅದು.

*

ನುಣುಪಣ್ಣನ ಹೆಂಡತಿ ಮನೆಯಲ್ಲೇ ಹರಿದ ಬಟ್ಟೆಗೆ ರಫು ಹಾಕುತ್ತಿದ್ದಳು. ಅಂದು ಅವನು ಬಂದಾಗ ಅವಳು ಬಾಗಿಲ ಬೆಳಕಿನಲ್ಲಿ ಯಾರದೋ ಕೋಟಿನ ತೋಳು ಹಿಡಿದು ಕೂತಿದ್ದಳು. ಅವನು ಚಪ್ಪಲಿ ಬಿಟ್ಟು ಅವಳ ಎದುರಿಗೆ ಕೂತು, ಮೇಜಿನ ಅಂಚನ್ನು ಹೆಬ್ಬೆರಳಲ್ಲಿ ಸವರತೊಡಗಿದ.

"ಅದನ್ನೂ ನುಣುಪು ಮಾಡ್ತೀರಾ? ಮೊನ್ನೆಯಿಂದ ಎಲ್ಲಾ ಸವರ್ತಾ ಇದ್ದೀರಿ. ಬಾಗಿಲು ಸವರಿದ್ದಾಯ್ತು, ಲೋಟ ಸವರಿದ್ದಾಯ್ತು. ನನ್ನ ಮೇಲೆ ಬಂದ್ರೆ ಸೂಜಿಲಿ ಚುಚ್ತೀನಿ, ನೋಡಿ."

ಅವನು ನಗಲಿಲ್ಲ. ಆಗ ಅವಳು ಕೋಟು ಕೆಳಗಿಟ್ಟಳು.

ಹೇಳಿದ. ಕೆಂಪು ಪುಡಿ, ಬಿಳಿ ಪುಡಿ, ಉಜ್ಜುಗಲ್ಲು, ಬಣ್ಣ ಒರೆಸಿದ್ದು. ಹೇಳುವಾಗ ಅವಳ ಮುಖ ನೋಡಲಿಲ್ಲ, ಕೋಟಿನ ಗುಂಡಿ ನೋಡಿದ.

"ಗಂಟು ತೆಗೀರಿ ಅಂತ ಹೇಳಿದ್ದು ಯಾರು?" ಅಂದಳು ಅವಳು.

"ಮೇಡಂ."

"ನೀವು ತೆಗೆದ್ರಿ. ಮತ್ತೆ ಯಾಕೆ ಮೈ ಪರಚ್ಕೋತೀರಿ?"

"ಅವರು ಹೇಳಿದ್ದು ಕಲ್ಲಿನ ಗಂಟು."

"ಗಂಟಿಗೆ ಗಂಟು ಅಂತಾನೇ ಅನ್ನೋದು. ಅವರು ಬಿಡಿಸಿ ಹೇಳ್ಬೇಕಿತ್ತು. ಅಲ್ಲಾರೀ, ಸತ್ತು ಮಣ್ಣಾಗಿ, ಮಣ್ಣು ಕಲ್ಲಾಗಿರೋ ಪ್ರಾಣಿ. ಅದಕ್ಕೆ ಯಾರು ತಂದು ಹಾಕಿದ್ರೇನು, ಬಿಟ್ರೇನು? ಅದೇನು ಬಂದು ಸಾಕ್ಷಿ ಹೇಳುತ್ತಾ?"

ಅವನ ಹೆಬ್ಬೆರಳು ಮೇಜಿನ ಅಂಚಿನಲ್ಲೇ ನಿಂತಿತು. ಅವನ ನೆನಪು ಸಾಮಾನ್ಯದ್ದಲ್ಲ. ಬಿಡಿಸಿದ ಒಂದೊಂದು ಮೂಳೆಯ ಒಂದೊಂದು ಏರುತಗ್ಗೂ ಅವನ ಬೆರಳಿಗೆ ಹಾಗೇ ಗೊತ್ತಿತ್ತು. ಆ ಗಂಟು ಈಗಲೂ ಹೆಬ್ಬೆರಳ ಕೆಳಗೆ ಇದ್ದ ಹಾಗೇ ಇತ್ತು, ಓರೆಯಾಗಿ, ಮೇಲೆ ಸ್ವಲ್ಪ ಚಪ್ಪಟೆಯಾಗಿ.

"ಸಾಕ್ಷಿ ಹೇಳ್ತಿತ್ತು," ಅಂದ. "ಕಾಲು ಮುರೀತು, ಆದ್ರೂ ಸಾಯೋಕೆ ಬಿಡಲಿಲ್ಲ ನಮ್ಮವರು ಅಂತ ಹೇಳ್ತಿತ್ತು. ಅಷ್ಟು ಕಾಲ ಹೇಳೋಕೆ ಅಂತಾನೇ ಕಾದಿತ್ತು. ನಾನು ಬಾಯಿ ಉಜ್ಜಿಬಿಟ್ಟೆ. ಈಗ ಹೇಳೋದಿದ್ರೆ ನಾನೇ ಹೇಳ್ಬೇಕು, ಅದನ್ನ ಮುಟ್ಟಿರೋನು ನಾನೊಬ್ಬನೇ."

ಹೆಂಡತಿ ಕೋಟು ಎತ್ತಿಕೊಂಡಳು. ಸೂಜಿಗೆ ದಾರ ಪೋಣಿಸಿದಳು. "ಹೇಳಿದ್ರೆ ಏನಂತಾರೋ," ಅಂದಳು ಕಡೆಗೆ.

"ಏನೂ ಅನ್ನಲ್ಲ. ಅದೇ ಕಷ್ಟ."

*

ಮರುದಿನ ಮೇಸ್ತ್ರಿ ಪ್ಲಾಸ್ಟರ್ ಕಲಸಲು ತೊಟ್ಟಿ ತೊಳೆದಿಟ್ಟಿದ್ದ. ಎಡ ಮುಂಗಾಲು ಹತ್ತಿ ಹಾಸಿದ ಪೆಟ್ಟಿಗೆಯೊಳಗೆ, ಮುಚ್ಚಳ ಇನ್ನೂ ಹಾಕಿರಲಿಲ್ಲ. ಮೇಡಂ ತಮ್ಮ ಮೇಜಿನಲ್ಲಿ ಏನೋ ಓದುತ್ತಿದ್ದರು. ಅಂಟಮ್ಮ ಕುಂಚ ತೊಳೆಯುತ್ತಿದ್ದಳು.

ನುಣುಪಣ್ಣ ಪೆಟ್ಟಿಗೆಯ ಹತ್ತಿರ ಹೋಗಿ ನಿಂತ. ಬಾಯಿ ತೆರೆದಾಗ ಬಂದದ್ದು ಊರಿಗೆಲ್ಲ ಬರುವ ಮಾತೇ.

"ಮೇಡಂ, ಈ ಕಾಲಲ್ಲಿ ಗಂಟಿತ್ತು. ಅದು... ಹೋಯ್ತು."

ಅಂಟಮ್ಮ ಹಿಂದಿರುಗಿ ನೋಡದೆ, ಅಭ್ಯಾಸದ ಬಲದಿಂದ ಅಂದಳು: "ಹೋಯ್ತು ಅನ್ನೋ ಹಾಗಿಲ್ಲ ಅಣ್ಣ. ನೀನೇ ಮರೆತ್ರೆ ಹೇಗೆ?" ಅಂದಮೇಲೆ ಅವಳಿಗೆ ಅವನು ಏನು ಹೇಳಿದನೆಂದು ಹೊಳೆಯಿತು. ಕುಂಚ ನೀರಿನಲ್ಲೇ ನಿಂತಿತು.

ನುಣುಪಣ್ಣ ಬೆನ್ನು ನೆಟ್ಟಗೆ ಮಾಡಿದ.

"ತೆಗೆದೆ," ಅಂದ. ಎಲ್ಲರಿಗೂ ಕೇಳುವ ಹಾಗೆ.

ಆ ಮಾತಿನ ಮೇಲೆ ಬರಬೇಕಾದ ಮಾತಿಗಾಗಿ ಕೋಣೆ ಕಾಯಿತು. ಮೇಸ್ತ್ರಿ "ಕೂ" ಅಂತ ಶುರು ಮಾಡಿ ಅಲ್ಲೇ ನಿಲ್ಲಿಸಿದ. ಕೂಡಿಸಲು ಚೂರೇ ಇರಲಿಲ್ಲ. ಅದು ಪುಡಿಯಾಗಿ, ಗುಡಿಸಿ, ಎಂದೋ ಕಸದ ಗಾಡಿ ಹತ್ತಿ ಹೋಗಿತ್ತು.

ಮೇಡಂ ಎದ್ದು ಬಂದರು. ಮೂಳೆ ಎತ್ತಿಕೊಂಡರು. "ಎಲ್ಲಿ?"

ಅವನು ತೋರಿಸಿದ. ಬಟ್ಟೆ ಒದ್ದೆ ಮಾಡಿ, ತಾನೇ ಒರೆಸಿದ ಬಣ್ಣವನ್ನು ತಾನೇ ಒರೆಸಿ ತೆಗೆದ. ಎಲೆಯಗಲ ಬಿಳುಪು ಹೊರಗೆ ಬಂತು. ಮೇಡಂ ಅದನ್ನು ನೋಡುತ್ತ ನಿಂತರು. ಅವರ ಮುಖ ನೋಡುವ ಧೈರ್ಯ ಅವನಿಗಾಗಲಿಲ್ಲ. ಆದರೆ ದನಿ ಬಂದಾಗ ಅದರಲ್ಲಿ ಸಿಟ್ಟಿರಲಿಲ್ಲ.

"ತಪ್ಪು ನನ್ನದೂ ಇದೆ ಅಣ್ಣ. ಗಂಟೆಲ್ಲ ತೆಗೆದುಬಿಡಿ ಅಂದು ಹೋದೋಳು ನಾನೇ. ನಿಮಗೆ ಕಲ್ಲಿನ ಹಾಗೇ ಕಂಡಿರುತ್ತೆ."

ಬಾಗಿಲು ತೆರೆದಿಟ್ಟ ಹಾಗಾಯಿತು. ಹೂಂ ಅಂದಿದ್ದರೆ ಸಾಕಿತ್ತು. ಮೇಸ್ತ್ರಿಯೂ ಅಂಟಮ್ಮನೂ ಆ ಹೂಂಗೇ ಕಾಯುತ್ತಿದ್ದರು. ನುಣುಪಣ್ಣನ ಹೊಟ್ಟೆಯೊಳಗಿಂದ ಅದು ಅರ್ಧ ದಾರಿ ಬಂದೂ ಬಂತು.

"ಕಲ್ಲಿನ ಹಾಗೆ ಕಾಣಲಿಲ್ಲ," ಅಂದ. "ಪುಡಿ ಬಿಳಿಯಾಯ್ತು. ನೋಡಿದೆ. ನೋಡಿ ಸೂಜಿ ಎತ್ತಿದೆ. ಆಮೇಲೆ ಮತ್ತೆ ಇಟ್ಟೆ. ಓರೆ ಆಗಿತ್ತು, ನನಗೆ ತಡೀಲಿಲ್ಲ. ಬಣ್ಣ ಹಚ್ಚಿದ್ದೂ ನಾನೇ. ನೀವು ಹೇಳಿದ್ದಕ್ಕೂ ಅದಕ್ಕೂ ಸಂಬಂಧ ಇಲ್ಲ. ಅವತ್ತು ಮೇಷ್ಟ್ರು ನಿಮ್ಮನ್ನ ಹಾಗೆ ಅಂದಾಗ ಇಲ್ಲೇ ಕೂತಿದ್ದೆ. ನೀವು ಕಂಡಿದ್ದು ಸರಿ ಅಂತ ಗೊತ್ತಿತ್ತು. ಸುಮ್ಮನೆ ಕೂತೆ."

ಇನ್ನೇನು ಅಳುತ್ತಾನೆ ಅಂದುಕೊಂಡು, ಗಂಡಸು ಅಳುವುದನ್ನು ನೋಡಲಾರದೆ ಮೇಸ್ತ್ರಿ ತೊಟ್ಟಿ ಎತ್ತಿಕೊಂಡು ಹೊರಗೆ ಹೋದ. ಆದರೆ ನುಣುಪಣ್ಣ ಅಳಲಿಲ್ಲ. ಅಂಗೈ ಎರಡನ್ನೂ ತೊಡೆಗೆ ಒತ್ತಿಕೊಂಡು ನಿಂತಿದ್ದ.

ಮೇಡಂ ಈಗ ಅವನ ಮುಖ ನೇರ ನೋಡಿದರು. "ಅವತ್ತು ನನಗೆ ನನ್ನ ಕಣ್ಣಿನ ಮೇಲೇ ನಂಬಿಕೆ ಹೋಗಿತ್ತು ಅಣ್ಣ," ಅಂದರು. ಇಷ್ಟೇ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

ಆಮೇಲೆ ಅವರೇ, ಮೂಳೆಯನ್ನು ಉದ್ದಕ್ಕೆ ಕಣ್ಣಿನ ನೇರಕ್ಕೆ ಹಿಡಿದು ನೋಡುತ್ತ, ತಮ್ಮಷ್ಟಕ್ಕೆ ಅಂದುಕೊಂಡರು: "ಹೊರಗಿನದು ಹೋಗಿದೆ. ಒಳಗಿನದು?"

*

ದನಕರುಗಳಿಗೆ ಔಷಧ ಕೊಡುವ ಆಸ್ಪತ್ರೆಯಲ್ಲಿ ಎಕ್ಸ್‌ರೇ ಯಂತ್ರವಿತ್ತು. ಅಲ್ಲಿಯ ಡಾಕ್ಟರು ಮೂಳೆಯನ್ನು ಮೇಜಿನ ಮೇಲಿಟ್ಟು, "ರೋಗಿಗೆ ವಯಸ್ಸೆಷ್ಟು?" ಅಂತ ಕೇಳಿ ತಾವೇ ನಕ್ಕರು. ಚಿತ್ರ ಬಂತು. ಮೂಳೆಯೊಳಗಿನ ಮಜ್ಜೆಯ ಕೊಳವೆ ಮೇಲಿಂದ ನೇರವಾಗಿ ಇಳಿದು, ನಡುವೆ ಮುಚ್ಚಿಹೋಗಿ, ಆಚೆ ಕಡೆ ಸ್ವಲ್ಪ ಸರಿದು ಮುಂದುವರಿದಿತ್ತು. ಅಡ್ಡಕ್ಕೆ ಒಂದು ಓರೆ ಗೆರೆ. ಮುರಿದದ್ದು ಅಲ್ಲೇ. ಕೂಡಿಕೊಂಡದ್ದೂ ಅಲ್ಲೇ.

ದೊಡ್ಡ ಮೇಷ್ಟ್ರಿಗೆ ಆ ಚಿತ್ರ ಹೋಯಿತು. ಅವರು ಮತ್ತೆ ಬಂದರು, ಕೋಲೂರಿಕೊಂಡು ನೆಲಮಾಳಿಗೆಯ ಮೆಟ್ಟಿಲಿಳಿದು ಬಂದರು. "ಬುರುಡೆ ಬಿಟ್ಟದ್ದು ನಾನಮ್ಮ," ಅಂದರು, ಎಲ್ಲರ ಎದುರಿಗೆ. ಮೇಡಂ ಮುಖ ಅರಳಿತು. ಅಂಟಮ್ಮ ಚಹಾ ತಂದಳು. ಮೇಸ್ತ್ರಿ ಚೌಕಟ್ಟಿನ ಎಡಗಂಬಿಯನ್ನು ಮತ್ತೆ ಕಾಯಿಸಿ ಬಗ್ಗಿಸಿದ, ಕುಂಟಜ್ಜಿ ಎಡ ಮುಂಗಾಲನ್ನು ನೆಲಕ್ಕೆ ಸೋಕಿಯೂ ಸೋಕದ ಹಾಗೆ ಹಿಡಿದು ನಿಲ್ಲುವಂತೆ. ನೋಡಿದರೆ ಇನ್ನೇನು ಒಂದು ಹೆಜ್ಜೆ ಎಳೆದು ಇಡುತ್ತಾಳೆ ಅನ್ನಿಸುತ್ತಿತ್ತು.

ಇಷ್ಟಕ್ಕೆ ಕತೆ ಮುಗಿದಿದ್ದರೆ ನುಣುಪಣ್ಣನ ಎದೆ ಹಗುರಾಗುತ್ತಿತ್ತೋ ಏನೋ.

ದೊಡ್ಡ ಮೇಷ್ಟ್ರು ಹೊರಡುವ ಮುಂಚೆ ಕೇಳಿದರು: "ಮುರಿದ ಮೇಲೆ ಎಷ್ಟು ವರ್ಷ ಬದುಕಿದ್ಲು?"

"ಅದು ಹೇಳೋಕಾಗಲ್ಲ ಸರ್," ಅಂದರು ಮೇಡಂ. "ಗಂಟು ಇದ್ದಿದ್ರೆ ತೆಳುವಾಗಿ ಕೊಯ್ದು ನೋಡಬಹುದಿತ್ತು. ಮರದಲ್ಲಿ ವರ್ಷಕ್ಕೊಂದು ಇರೋ ಹಾಗೆ ಪದರ ಇರ್ತವೆ. ಹೆಚ್ಚುಕಡಿಮೆ ತಿಳೀತಿತ್ತು." ಅವರು ನುಣುಪಣ್ಣನ ಕಡೆ ನೋಡಲಿಲ್ಲ. ನೋಡಬಾರದೆಂದೇ ನೋಡಲಿಲ್ಲ.

ಅವತ್ತು ಅವನು ಮೇಣ ತೆಗೆದುಕೊಂಡು ಕೂತ. ಕಣ್ಣು ಮುಚ್ಚಿ, ಹೆಬ್ಬೆರಳು ಹೇಳಿದ ಹಾಗೆ ಒತ್ತಿ, ತಿದ್ದಿ, ಆ ಗಂಟನ್ನು ಇದ್ದ ಹಾಗೇ ಮಾಡಿದ. ಅದೇ ಓರೆ, ಅದೇ ಚಪ್ಪಟೆ. ಕೈಯಾರೆ ಒರಟು ಬಿಟ್ಟದ್ದು ಅದೇ ಮೊದಲು. ತಟ್ಟೆಯಲ್ಲಿಟ್ಟು ಮೇಡಂ ಮೇಜಿಗೆ ಕೊಟ್ಟ.

ಮೇಡಂ ಅದನ್ನು ಬೆಳಕಿಗೆ ಹಿಡಿದು ನೋಡಿದರು. "ಹೀಗೇ ಇತ್ತಾ?"

"ಹೀಗೇ."

"ನಂಬ್ತೀನಿ ಅಣ್ಣ." ತಟ್ಟೆಯನ್ನು ಮೆಲ್ಲಗೆ ಅವನ ಕಡೆ ಸರಿಸಿದರು. "ಆದ್ರೆ ಇದನ್ನ ಅವಳ ಕಾಲ ಮೇಲೆ ಇಡೋಕಾಗಲ್ಲ. ಇದು ಅವಳದ್ದಲ್ಲ, ನಿಮ್ಮದು."

*

ಆಮೇಲೆ ಬಂದ ಮೂಳೆಗಳಲ್ಲಿ ನುಣುಪಣ್ಣ ಒಂದು ಉಬ್ಬು ಕಂಡರೆ ಸಾಕು, ಸೂಜಿ ಕೆಳಗಿಟ್ಟು ಮೇಡಂನ ಕರೆಯುತ್ತಾನೆ.

"ಅಣ್ಣ, ಅದು ಕಲ್ಲೇ. ತೆಗೀರಿ."

"ಬಂದು ನೋಡಿ ಹೇಳಿ."

"ಇಲ್ಲಿಂದಾನೇ ಕಾಣ್ತಿದೆ, ಕೆಂಪಗಿದೆ!"

"ಬಂದು ನೋಡಿ ಹೇಳಿ ಮೇಡಂ."

ಅವರು ಬಂದು ನೋಡಿ ಹೇಳುತ್ತಾರೆ. ಕೆಲಸ ನಿಧಾನವಾಗಿದೆ. ಅವನು ಬಿಡಿಸಿದ ಮೂಳೆಗಳಲ್ಲಿ ಈಗ ಅಲ್ಲಲ್ಲಿ ಬೆರಳು ತಡೆಯುತ್ತದೆ. ಅಂಟಮ್ಮ ಹೆಸರು ಬದಲಾಯಿಸಿ ಗಂಟಣ್ಣ ಅಂತ ಇಟ್ಟಿದ್ದಾಳೆ. ಅವನು ಆ ಹೆಸರಿಗೂ ಓಗೊಡುತ್ತಾನೆ. ಯಾರಾದರೂ "ಮುರಿದೆ" ಅಂದರೆ ಅವನೂ "ಕೂಡಿಸೋಣ" ಅನ್ನುತ್ತಾನೆ, ದನಿಯಲ್ಲಿ ಮೊದಲಿನ ತೂಕವಿಲ್ಲ.

ಅವನ ಮೇಜಿನ ನೇರ ಮೇಲಕ್ಕೆ ಕುಂಟಜ್ಜಿ ನಿಂತಿದ್ದಾಳೆ. ನಡುವೆ ಗಾಳಿ ಆಡಲು ಬಿಟ್ಟ ಒಂದು ಜಾಲರಿಯಿದೆ, ಮೇಲಿನ ಮಾತು ಅದರೊಳಗಿಂದ ಇಳಿದು ಬರುತ್ತದೆ. ಜನರನ್ನು ಸುತ್ತಿಸಿ ತೋರಿಸುವವಳು ದಿನಾ ಅದೇ ಮಾತು ಹೇಳುತ್ತಾಳೆ. ಕಣ್ಣು ಮುಂದಕ್ಕಿವೆ, ಆದ್ದರಿಂದ ಬೇಟೆಗಾರ್ತಿ. ಹಲ್ಲು ಸವೆದಿವೆ, ಆದ್ದರಿಂದ ಮುದುಕಿ. ಕಾಲು ಮುರಿದು ಕೂಡಿದೆ, ಆದ್ದರಿಂದ ಯಾರೋ ನೋಡಿಕೊಂಡಿದ್ದಾರೆ. ಜನ ಅಯ್ಯೋ ಅನ್ನುತ್ತಾರೆ. ಆಮೇಲೆ ಯಾರೋ ಒಬ್ಬರು ಕೇಳಿಯೇ ಕೇಳುತ್ತಾರೆ, "ಎಷ್ಟು ವರ್ಷ ನೋಡಿಕೊಂಡ್ರು?"

ಆ ಪ್ರಶ್ನೆ ಬರುವ ಹೊತ್ತಿಗೆ ಕೆಳಗೆ ಗಾಳಿಸೂಜಿ ನಿಂತಿರುತ್ತದೆ.

"ಗೊತ್ತಿಲ್ಲ," ಅನ್ನುತ್ತಾಳೆ ಅವಳು. ಜನ ಮುಂದಿನ ಪ್ರಾಣಿಯ ಕಡೆಗೆ ಹೋಗುತ್ತಾರೆ.

ಆ ಹಾಲ್‌ನಲ್ಲಿ ಅವನು ಬಿಡಿಸಿದ ಮೂಳೆಗಳು ಎಷ್ಟೋ ಇವೆ, ಯಾವುದರ ಮೇಲೂ ಅವನ ಹೆಸರಿಲ್ಲ. ಆ ಒಂದು "ಗೊತ್ತಿಲ್ಲ" ಮಾತ್ರ ಪೂರ್ತಿ ಅವನ ಕೈಕೆಲಸ. ಬೆರಳು ಎಲ್ಲೂ ತಡೆಯದಷ್ಟು ನುಣುಪಾಗಿದೆ.